ನಮ್ಮ ‘ಬರಿ’, ಅವರ ‘ಬೇರ್’: ಇಂಗ್ಲೆಂಡಿಗೆ ಹೊರಟವರಿಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಓದಲು ಅಥವಾ ಆಸ್ಪತ್ರೆ ಕೆಲಸಕ್ಕೆಂದು ಇಂಗ್ಲೆಂಡಿಗೆ ಬರುವವರಿಗೆ ‘ಬೇರ್’ (bare) ಎಂಬ ಇಂಗ್ಲಿಷ್ ಪದ ಬೇಗನೇ ಎದುರಾಗುತ್ತದೆ. ವಾರ್ಡಿನ ಫಲಕದಲ್ಲಿ, ಬಾಡಿಗೆ ಮನೆಯ ವೈರಿನಲ್ಲಿ, ಗಿಡದಂಗಡಿಯಲ್ಲಿ, ಬಸ್ಸಿನ ಹಿಂದಿನ ಸೀಟಿನ ಹುಡುಗರ ಬಾಯಲ್ಲಿ. ನಮ್ಮ ‘ಬರಿ’ಗೆ ಸದ್ದಿನಲ್ಲೂ ಅರ್ಥದಲ್ಲೂ ಹತ್ತಿರವಿರುವುದರಿಂದ ಗೊತ್ತಿರುವ ಪದ ಅನಿಸಿಬಿಡುತ್ತದೆ. ತೊಡಕು ಶುರುವಾಗುವುದೇ ಅಲ್ಲಿ.

ಬರಿಗಾಲಿಗೆ ‘ಬೇರ್‌ಫುಟ್’ ಸರಿ. ನೆಂಟರ ಮನೆಗೆ ಬರಿಗೈಲಿ ಹೋಗಬಾರದು ಅನ್ನುತ್ತೇವಲ್ಲ, ಆ ಬರಿಗೈ ಮಾತ್ರ ‘ಎಂಪ್ಟಿ ಹ್ಯಾಂಡೆಡ್’. ‘ಬೇರ್ ಹ್ಯಾಂಡ್ಸ್’ ಎಂದರೆ ಗ್ಲೌಸಾಗಲಿ ಸಲಕರಣೆಯಾಗಲಿ ಇಲ್ಲದ ಕೈ. ಸಾಹಸಿ ಜ್ಯೋತಿರಾಜ್ ಚಿತ್ರದುರ್ಗದ ಕೋಟೆ ಗೋಡೆ ಏರುವುದು ಆ ಕೈಯಲ್ಲಿ. ಬರಿ ಹೊಟ್ಟೆ ‘ಎಂಪ್ಟಿ ಸ್ಟಮಕ್’, ಬರೀ ಅನ್ನ ‘ಪ್ಲೇನ್ ರೈಸ್’. ನಮ್ಮ ಖಾಲಿ ದೋಸೆಯನ್ನು ಅವರಿಗೆ ವಿವರಿಸುವಾಗಲೂ ‘ಪ್ಲೇನ್’ ಎನ್ನಬೇಕು. ‘ಬೇರ್’ ಅಂದಾಗ ಕೇಳಿಕೊಳ್ಳಬೇಕಾದ್ದು ಇಷ್ಟೇ: ಸಾಮಾನ್ಯವಾಗಿ ಇರುವ ಯಾವ ಹೊದಿಕೆ ಇಲ್ಲಿ ಇಲ್ಲ?

ಆಸ್ಪತ್ರೆಗೆ ಬರುವವರು ಮೊದಲು ತಿಳಿಯಬೇಕಾದ್ದು ‘ಬೇರ್ ಬಿಲೋ ದಿ ಎಲ್ಬೋಸ್’. ಮೊಣಕೈಯಿಂದ ಕೆಳಗೆ ಕೈ ಮೇಲೆ ಏನೂ ಇರಬಾರದು ಎಂಬ ಈ ಪದ್ಧತಿಯನ್ನು ಇಂಗ್ಲೆಂಡಿನ ಆರೋಗ್ಯ ಇಲಾಖೆ 2007ರಲ್ಲಿ ತಂದಿತು. ದಾವಣಗೆರೆಯಲ್ಲಿ ಓದಿದ ವೈದ್ಯರಿಗೆ ತುಂಬುತೋಳಿನ ಬಿಳಿ ಕೋಟು ಅಭ್ಯಾಸವಾಗಿರುತ್ತದೆ. ಇಲ್ಲಿ ಅದನ್ನು ಬಿಡಬೇಕು. ರೋಗಿಯನ್ನು ಮುಟ್ಟುವ ಕೆಲಸದಲ್ಲಿ ಅರ್ಧತೋಳು ಅಥವಾ ಮೊಣಕೈ ಮೇಲಕ್ಕೆ ಮಡಚಿದ ತೋಳು ಇರಬೇಕು. ವಾಚು, ಬಳೆ, ಕೈಗೆ ಕಟ್ಟಿದ ದೇವರ ದಾರ, ಹರಳಿನ ಉಂಗುರ, ಕೃತಕ ಉಗುರು, ಉಗುರುಬಣ್ಣ ಯಾವುದೂ ಸಲ್ಲದು. ಹರಳಿಲ್ಲದ ಒಂದು ಮದುವೆ ಉಂಗುರಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಇರುತ್ತದೆ. ಹೊತ್ತು ನೋಡಲು ಎದೆಗೆ ಸಿಕ್ಕಿಸುವ ಗಡಿಯಾರ ತೆಗೆದುಕೊಳ್ಳಿ.

ಕಾರಣ ಸರಳ. ತೋಳಿನ ಅಂಚು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸವರಿಕೊಂಡು ಹೋಗುತ್ತದೆ. ಬಳೆ, ವಾಚು ಇದ್ದರೆ ಮಣಿಕಟ್ಟು ತೊಳೆಯುವುದಾಗುವುದಿಲ್ಲ. ದಾರವಂತೂ ಒದ್ದೆಯಾದರೆ ಗಂಟೆಗಟ್ಟಲೆ ಒಣಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಸೋಪಿನಿಂದ ತೊಳೆಯಲು 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣ ಉಜ್ಜಲು 20ರಿಂದ 30 ಸೆಕೆಂಡು ಬೇಕು. ಧರ್ಮದ ಕಾರಣಕ್ಕೆ ಮುಂದೋಳು ಮುಚ್ಚುವವರಿಗೆ ಬಳಸಿ ಬಿಸಾಡುವ ತೋಳುಚೀಲದಂಥ ದಾರಿಗಳಿವೆ. ನಿಯಮದ ವಿವರ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬೇರೆಯಿರುವುದರಿಂದ ಕೆಲಸಕ್ಕೆ ಸೇರುವ ದಿನವೇ ಕೇಳಿಕೊಳ್ಳಿ.

ಊರಿನಲ್ಲಿರುವ ಅಮ್ಮಂದಿರಿಗೆ, ಅತ್ತೆಯಂದಿರಿಗೆ ಇಲ್ಲೊಂದು ಮಾತು. ಮುತ್ತೈದೆ ಬರಿಗೈಲಿ ಇರಬಾರದು ಎಂದು ನಿಮಗೆ ನೋವಾಗುವುದು ಸಹಜ. ಇಲ್ಲಿನ ‘ಬೇರ್’ಗೆ ಆ ಅಶುಭದ ಸೋಂಕಿಲ್ಲ. ಸೊಸೆ ಬಳೆಯನ್ನು ಲಾಕರಿನಲ್ಲಿಟ್ಟು ಡ್ಯೂಟಿಗೆ ಹೋಗುತ್ತಾಳೆ, ಮುಗಿದ ಮೇಲೆ ಹಾಕಿಕೊಳ್ಳುತ್ತಾಳೆ. ವಿಡಿಯೊ ಕಾಲಿನಲ್ಲಿ ಕೈ ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಬಾಡಿಗೆ ಮನೆಯ ವಿಚಾರ. ಸ್ವಿಚ್ ಬೋರ್ಡು ಸಡಿಲವಾಗಿ ಒಳಗೆ ಬರೀ ತಾಮ್ರದ ತಂತಿ ಕಂಡರೆ ನಮ್ಮವರು ಗಾಬರಿಯಾಗುತ್ತಾರೆ. ನಮ್ಮಲ್ಲಿ ಪೈಪಿನೊಳಗೆ ಎಳೆಯುವ ಅರ್ತ್ ವೈರಿಗೂ ಹಸಿರು ಹೊದಿಕೆ ಇರುತ್ತದೆ. ಇಲ್ಲಿನ ಮಾಮೂಲಿ ಬೂದುಬಣ್ಣದ ಕೇಬಲಿನಲ್ಲಿ ಲೈವ್ ಕಂದು, ನ್ಯೂಟ್ರಲ್ ನೀಲಿ, ಅರ್ತ್ ಮಾತ್ರ ಹೊದಿಕೆಯಿಲ್ಲದ ತಾಮ್ರ. ತುದಿ ಜೋಡಿಸುವ ಕಡೆ ಅದಕ್ಕೆ ಹಸಿರು-ಹಳದಿ ಕೊಳವೆ ತೊಡಿಸಿರಬೇಕು. ಆ ಕೊಳವೆ ಇಲ್ಲದಿದ್ದರೆ ಕೆಲಸ ಅರೆಬರೆಯಾಗಿದೆ ಎಂದರ್ಥ. ಹಾಗೆಂದು ಮುಟ್ಟಿ ನೋಡಬೇಡಿ, ತಪ್ಪಾಗಿ ಜೋಡಿಸಿದ್ದರೆ ಅದರಲ್ಲೂ ಕರೆಂಟ್ ಹರಿಯಬಹುದು. ಕಂದು ಅಥವಾ ನೀಲಿ ವೈರಿನ ಸಿಪ್ಪೆ ಕಿತ್ತು ತಾಮ್ರ ಕಂಡರೆ ಅಪಾಯ. ಮನೆ ಮಾಲೀಕರಿಗೆ ಬರೆಯುವಾಗ ಸುಮ್ಮನೆ ‘ಬೇರ್ ವೈರ್’ ಎಂದರೆ ಅರ್ತ್ ಇರಬೇಕೆಂದು ತಳ್ಳಿಹಾಕಬಹುದು. ‘ಎಕ್ಸ್‌ಪೋಸ್ಡ್ ಲೈವ್ ವೈರ್’ ಎಂದು ಬರೆದು ಫೋಟೊ ಹಚ್ಚಿ. ಇಂಗ್ಲೆಂಡಿನ ಬಾಡಿಗೆ ಮನೆಗಳ ವೈರಿಂಗನ್ನು 5 ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸುವುದು ಮಾಲೀಕರ ಹೊಣೆ. ಆ ವರದಿ ಕೇಳಿ ಪಡೆಯಿರಿ.

‘ಬೋಳು’ ಇನ್ನೊಂದು ಗೋಜಲು. ತಲೆ, ಟೈರು, ಮರ, ಗುಡ್ಡ ಎಲ್ಲಕ್ಕೂ ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ತಲೆ, ಟೈರು ‘ಬಾಲ್ಡ್’. ಎಲೆ ಉದುರಿದ ಮರ, ಗಿಡವಿಲ್ಲದ ಗುಡ್ಡ ‘ಬೇರ್’. ಹಳೇ ಕಾರು ಕೊಳ್ಳುವವರು ‘ಬಾಲ್ಡ್’ ಪದವನ್ನು ನೆನಪಿಡಿ: ಟೈರಿನ ನಡುವಿನ ಮುಕ್ಕಾಲು ಅಗಲದಲ್ಲಿ, ಸುತ್ತಲೂ, ಕನಿಷ್ಠ 1.6 ಮಿಲಿಮೀಟರ್ ಗೀರಿನ ಆಳ ಇರಬೇಕು. ಇಲ್ಲದಿದ್ದರೆ ಒಂದೊಂದು ಟೈರಿಗೂ 2,500 ಪೌಂಡುವರೆಗೆ ದಂಡ, ಲೈಸೆನ್ಸಿನ ಮೇಲೆ 3 ಪೆನಾಲ್ಟಿ ಪಾಯಿಂಟ್.

ನವೆಂಬರಿನಿಂದ ಮಾರ್ಚಿವರೆಗೆ ‘ಬೇರ್ ರೂಟ್’ ಗುಲಾಬಿ, ಸೇಬಿನ ಗಿಡ ಮಾರುತ್ತಾರೆ. ಕುಂಡವಿಲ್ಲ, ಮಣ್ಣಿಲ್ಲ, ಬರೀ ಬೇರು. ಸತ್ತ ಕಡ್ಡಿಯಲ್ಲ ಅದು. ಚಳಿಗೆ ಮಲಗಿರುವ ಗಿಡ, ಕುಂಡದ್ದಕ್ಕಿಂತ ಅಗ್ಗ. ಬೇರನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿ, ಗಾಳಿಗೆ ಒಣಗಲು ಬಿಡದೆ ನೆಡಬೇಕು. ನೆಲ ಹೆಪ್ಪುಗಟ್ಟಿದ್ದರೆ ಕಾಯಿರಿ.

ಲಂಡನ್ನಿನ ಹುಡುಗರ ಮಾತಲ್ಲಿ ‘ಬೇರ್ ಪೀಪಲ್’ ಎಂದರೆ ಭಾರಿ ಜನ. ಕನ್ನಡಿಗರಿಗೆ ಇದು ಕಷ್ಟವಾಗಬಾರದು: ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ‘ಎಲ್ಲಿ ನೋಡಿದ್ರೂ ಬರೀ ಜನ’ ಅನ್ನುವುದೂ ಅದನ್ನೇ. ಗೆಳೆಯರ ನಡುವೆ ಆಡಿ, ಇಂಟರ್‌ವ್ಯೂನಲ್ಲಿ ಬೇಡ.

‘ಬೇರ್‌ಲಿ’ಯನ್ನು ‘ಬರೀ’ ಎಂದುಕೊಂಡರೆ ಮಾತು ಕೆಡುತ್ತದೆ. ರೋಗಿ ‘ಬೇರ್‌ಲಿ’ ಉಂಡಿದ್ದಾರೆ ಎಂದರೆ ಉಂಡಿದ್ದೂ ಇಲ್ಲ ಎನ್ನುವಷ್ಟು ಕಡಿಮೆ. ‘ಬೇರ್‌ಲಿ ಬ್ರೀದಿಂಗ್’ ಎಂದರೆ ಉಸಿರು ಇನ್ನೇನು ನಿಲ್ಲುವಂತಿದೆ, ಓಡಬೇಕು. ಅದರ ಜೊತೆ ‘ನಾಟ್’ ಸೇರಿಸಬೇಡಿ, ಇಲ್ಲವೆಂಬ ಅರ್ಥ ಒಳಗೇ ಇದೆ.

ಇನ್ನು ಕಾಗುಣಿತ. ಸ್ವಲ್ಪ ತಾಳಿ ಎನ್ನುವ ‘ಬೇರ್ ವಿತ್ ಮಿ’ಯಲ್ಲಿರುವುದು ಕರಡಿಯ ಕಾಗುಣಿತದ ‘ಬೇರ್’: ಬಿ, ಇ, ಎ, ಆರ್. ಬಿ, ಎ, ಆರ್, ಇ ಎಂದು ಬರೆದರೆ ನನ್ನೊಡನೆ ಬಟ್ಟೆ ಬಿಚ್ಚಿ ಎಂದು ಓದಿಕೊಳ್ಳಬಹುದು. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರ್ ಕೆಂಪುಗೆರೆ ಎಳೆಯುತ್ತದೆಂದು ನಂಬಬೇಡಿ. ಮೇಲಧಿಕಾರಿಗೆ ಮೇಲ್ ಕಳಿಸುವ ಮುನ್ನ ನೀವೇ ಓದಿ ನೋಡಿ.