ಸೀಸನ್ ಹೊತ್ತಿನಲ್ಲಿ ಕಮಾಂಡ್ ಲೈನ್

ಬ್ಯಾಡಗಿಯ ಕೆಲವು ದಲಾಲಿ ಅಂಗಡಿಗಳ ಬಿಲ್ಲಿಂಗ್ ಸರ್ವರ್‌ಗಳನ್ನು ಹುಬ್ಬಳ್ಳಿಯಲ್ಲಿ ಕೂತು ನೋಡಿಕೊಳ್ಳುವುದು ನಮ್ಮ ಕೆಲಸ. ಮೆಣಸಿನಕಾಯಿ ಸೀಸನ್‌ನಲ್ಲಿ ಸರ್ವರ್ ನಿಂತರೆ ರೈತರು ಮಾರಾಟದ ಪಟ್ಟಿಗಾಗಿ ಕಾಯುತ್ತಾ ನಿಲ್ಲಬೇಕಾಗುತ್ತದೆ. ಹಾಗಾಗಿ ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಕಲಿಸುವುದೇ ಕಮಾಂಡ್ ಲೈನ್, ಅಂದರೆ ಮೌಸ್ ಒತ್ತುವ ಬದಲು ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವುದು.

"ಇದು ಭಾಳ ಹಳೇದಲ್ರೀ ಸರ್?" ಅಂತ ಕೇಳುತ್ತಾರೆ. ಹೌದು, ಹಳೆಯದು. ನಾವು ಬಳಸುವ ಈ ಕಮಾಂಡ್‌ಗಳ ಮೂಲವಾದ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆಗ ಕಂಪ್ಯೂಟರ್ ಜೊತೆ ಮಾತಾಡಲು ಇದ್ದದ್ದು ಟೆಲಿಟೈಪ್. ಟೈಪ್ ಮಾಡಿದ್ದೂ, ಬಂದ ಉತ್ತರವೂ ಕಾಗದದ ಮೇಲೆ ಅಚ್ಚಾಗುತ್ತಿದ್ದವು, ಅದೂ ಸೆಕೆಂಡಿಗೆ ಸುಮಾರು 10 ಅಕ್ಷರದಂತೆ. ಎಲ್‌ಎಸ್ (ಫೈಲ್‌ಗಳ ಪಟ್ಟಿ ತೋರಿಸಲು), ಸಿಪಿ (ನಕಲು ಮಾಡಲು), ಎಂವಿ (ಜಾಗ ಬದಲಿಸಲು) ಅಂತ ಕಮಾಂಡ್‌ಗಳು ಅಷ್ಟು ಚಿಕ್ಕದಾಗಿರುವುದು ಆ ಕಾಲದ ಗುರುತು. ಅಷ್ಟು ನಿಧಾನದ ತಂತಿಗೆ ಮಾಡಿದ್ದು ಇವತ್ತಿನ ಸಣಕಲು ನೆಟ್‌ವರ್ಕ್‌ನಲ್ಲೂ ನಡೆಯುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಪರದೆಯ ಚಿತ್ರವನ್ನೇ ಕಳಿಸಬೇಕು, ಮೌಸ್ ಅಲ್ಲಾಡಿಸಿದರೂ ತಡೆತಡೆದು ಬರುತ್ತದೆ. ದೂರದ ಸರ್ವರ್‌ನಲ್ಲಿ ಕಮಾಂಡ್ ಓಡಿಸಲು ಬಳಸುವ ಎಸ್‌ಎಸ್‌ಎಚ್ ಕಳಿಸುವುದು ಬರೀ ಅಕ್ಷರ. ಮಾರುಕಟ್ಟೆಯ ದಿನ ಅಲ್ಲಿನ ಇಂಟರ್ನೆಟ್ ಎಷ್ಟು ಎಳೆದರೂ ನಾವು ಒಳಗೆ ಹೋಗಬಹುದು.

ಇನ್ನೂ ದೊಡ್ಡ ಲಾಭ ಪೈಪ್‌ನದು. ಒಂದು ಪ್ರೋಗ್ರಾಂ ಕೊಟ್ಟದ್ದನ್ನು ಇನ್ನೊಂದರ ಕೈಗೆ ನೇರ ದಾಟಿಸುವ ಈ ಯೋಚನೆ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ ಅವರದು. 1973ರಲ್ಲಿ ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದರು. ಕಳೆದ ಸೀಸನ್‌ನಲ್ಲಿ ಒಂದು ಅಂಗಡಿಯ ಬಿಲ್ ಆಗಾಗ ನಿಲ್ಲುತ್ತಿತ್ತು. ಸರ್ವರ್‌ನಲ್ಲಿ ನಡೆದದ್ದು ದಾಖಲಾಗುವ ಲಾಗ್ ಫೈಲ್ ಎಷ್ಟು ದೊಡ್ಡದಿತ್ತೆಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಲೇ ಇಲ್ಲ. ಗ್ರೆಪ್ ಅನ್ನುವ ಕಮಾಂಡ್‌ನಿಂದ ಎರರ್ ಇರುವ ಸಾಲುಗಳನ್ನಷ್ಟೇ ಹೆಕ್ಕಿ, ಕಟ್‌ನಿಂದ ಕೌಂಟರ್ ಸಂಖ್ಯೆ ಉಳಿಸಿಕೊಂಡು, ಸಾರ್ಟ್ ಮಾಡಿ, ಯುನಿಕ್‌ನಿಂದ ಎಣಿಸಿದೆವು. ಪೈಪ್‌ನಿಂದ ಜೋಡಿಸಿದ್ದರಿಂದ ಇಷ್ಟೂ ಒಂದೇ ಸಾಲು. ಎರರ್ ಹೆಚ್ಚುಕಮ್ಮಿ ಎಲ್ಲವೂ ಒಂದೇ ಕೌಂಟರ್‌ನವು! ಅಲ್ಲಿ ಸವೆದಿದ್ದ ನೆಟ್‌ವರ್ಕ್ ಕೇಬಲ್ ಬದಲಿಸಿದರು, ತೊಂದರೆ ಹೋಯಿತು. ಗ್ರೆಪ್ ಕೂಡ ಥಾಂಪ್ಸನ್ ಅವರೇ ಬರೆದದ್ದು. ಅವರ ಬಗ್ಗೆ ನನಗೆ ಭಾಳ ಗೌರವ.

ಆ ಸಾಲನ್ನು ನಾವು ಒಂದು ಫೈಲ್‌ನಲ್ಲಿ ಇಟ್ಟುಕೊಂಡೆವು. ಈಗ ಯಾವ ಅಂಗಡಿಯಲ್ಲಿ ತೊಂದರೆಯಾದರೂ ಹೊಸ ಹುಡುಗ ಅದನ್ನೇ ಓಡಿಸುತ್ತಾನೆ. ಮೌಸ್‌ನಲ್ಲಿ ಮಾಡಿದ್ದರೆ ಎಲ್ಲೆಲ್ಲಿ ಒತ್ತಬೇಕು ಅಂತ ಫೋನಿನಲ್ಲಿ ಎಷ್ಟು ಹೊತ್ತು ಹೇಳಬೇಕಾಗುತ್ತಿತ್ತು, ಅಲ್ವಾ? ಕಮಾಂಡ್ ಆದರೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕು.

ಎಲ್ಲದಕ್ಕೂ ಇದೇ ಬೇಕು ಅಂತ ನಾನು ಹೇಳುವುದಿಲ್ಲ. ಬಿಲ್ ಮಾಡುವ ಗುಮಾಸ್ತರಿಗೆ ಬಟನ್ ಇರುವ ಪರದೆಯೇ ಸರಿ. ಆದರೆ ಸರ್ವರ್ ನೋಡಿಕೊಳ್ಳುವವರು ಇದನ್ನು ಕಲಿಯಲೇಬೇಕು.

ಕಲಿಯುವವರಿಗೆ ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಆರ್‌ಎಂ ಕಮಾಂಡ್ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹಲವು ಫೈಲ್‌ಗಳನ್ನು ಒಟ್ಟಿಗೆ ಸೂಚಿಸುವ ನಕ್ಷತ್ರ ಚಿಹ್ನೆ (*) ಹಾಕಿ ಅಳಿಸುವ ಮುಂಚೆ, ಆರ್‌ಎಂ ಜಾಗದಲ್ಲಿ ಎಲ್‌ಎಸ್ ಹಾಕಿ ಒಮ್ಮೆ ಓಡಿಸಿ. ಯಾವ ಫೈಲ್‌ಗಳು ಹೋಗುತ್ತವೆ ಅಂತ ಪೂರ್ತಿ ಪಟ್ಟಿ ಓದಿ, ಆಮೇಲೆ ಅಳಿಸಿ.