ಕಟಲ್‌ಬೋನ್ ಹಾಕಿದ್ರೆ ಮುಗೀಲಿಲ್ಲ, ಆಮೆ ಕೊಕ್ಕನ್ನೂ ಒಂದ್ಸಲ ನೋಡಿ

ಆಮೆ ಸಾಕೋರು ಹಾಕೋ ಟ್ಯಾಂಕ್ ಫೋಟೋಗಳನ್ನ ಗಮನಿಸಿ ನೋಡಿ, ಸುಮಾರು ಫೋಟೋಗಳಲ್ಲಿ ನೀರಿನ ಮೇಲೆ ಒಂದು ಬಿಳಿ ತುಂಡು ತೇಲ್ತಾ ಇರತ್ತೆ. ಅದೇ ಕಟಲ್‌ಬೋನ್. ಅದೊಂದು ಹಾಕ್ಬಿಟ್ರೆ ಕ್ಯಾಲ್ಸಿಯಂ ಚಿಂತೆ ಮುಗೀತು, ಕಚ್ಚಿ ಕಚ್ಚಿ ಕೊಕ್ಕೂ ತಾನಾಗೇ ಸವೆಯತ್ತೆ, ಇನ್ನು ತಲೆ ಕೆಡಿಸ್ಕೊಳ್ಳೋದೇನಿಲ್ಲ ಅನ್ನೋದು ಎಲ್ಲರ ನಂಬಿಕೆ. ನನ್ನ ಹತ್ರ ನೀರಲ್ಲಿರೋ ರೆಡ್ ಇಯರ್ಡ್ ಸ್ಲೈಡರ್ ಅನ್ನೋ ಜಾತಿಯ ಆಮೆ ಒಂದಿದೆ, ನೆಲದ ಮೇಲಿರೋ ಆಮೆ ಒಂದಿದೆ, ಎರಡಕ್ಕೂ ಕಟಲ್‌ಬೋನ್ ಕೊಡ್ತೀನಿ, ಆದ್ರೆ ನನ್ನ ಲೆಕ್ಕದಲ್ಲಿ ಅದು ಎಲ್ಲಾ ಸರಿ ಮಾಡಿದ್ಮೇಲೆ ಮಾಡೋ ಕೆಲಸ. ಲೈಟೂ ಊಟವೂ ಸರಿ ಇಲ್ದಿದ್ರೆ ಆ ಬಿಳಿ ತುಂಡು ಬರೀ ಶೋಗೆ ಅಷ್ಟೇ.

ಮೊದಲು ಅದ್ರ ವಿಷಯವೇ ಹೇಳಿ ಮುಗಿಸ್ತೀನಿ. ಕಟಲ್‌ಫಿಶ್ ಅಂತ ಒಂದು ಸಮುದ್ರ ಜೀವಿ, ಅದ್ರ ಮೈಯೊಳಗಿರೋ ಚಿಪ್ಪು ಇದು, ಬಹುತೇಕ ಕ್ಯಾಲ್ಸಿಯಂ ಕಾರ್ಬೋನೇಟೇ. ಕ್ಯಾಲ್ಸಿಯಂ ಕಾರ್ಬೋನೇಟಿನ ತೂಕದಲ್ಲಿ 40% ಕ್ಯಾಲ್ಸಿಯಂ, ಜೊತೆಗೆ ಕ್ಯಾಲ್ಸಿಯಂ ಮೈಗೆ ಹತ್ತದ ಹಾಗೆ ತಡೆಯೋ ಫಾಸ್ಫರಸ್‌ನ ಕಾಟ ಇಲ್ಲ, ಅದಕ್ಕೇ ಒಳ್ಳೇದು. ಪಕ್ಷಿಗಳಿಗೆ ಅಂತ ಮಾರೋದನ್ನೇ ತಗೋಬಹುದು, ಆದ್ರೆ ಹಿಂದುಗಡೆ ಇರೋ ಲೋಹದ ಕ್ಲಿಪ್ ಕಿತ್ತಾಕಿ, ಮತ್ತೆ ಒಂದು ಬದಿಯಲ್ಲಿ ಪ್ಲಾಸ್ಟಿಕ್ ಥರ ಗಟ್ಟಿ ಪದರ ಇರತ್ತಲ್ಲ ಅದನ್ನೂ ಚಾಕುವಿನಲ್ಲಿ ಎಬ್ಬಿಸಿ ತೆಗೀರಿ, ಅದು ಮುರಿದ್ರೆ ಚೂಪಾಗಿ ಚೂರಾಗತ್ತೆ, ಆಮೆ ನುಂಗೋದು ಬೇಡ. ಉಳಿಯೋದು ಬೆರಳಲ್ಲಿ ಒತ್ತಿದ್ರೆ ಪುಡಿ ಅಂಟೋ ಅಷ್ಟು ಮೆತ್ತಗಿರೋ ಭಾಗ.

ನನ್ನ ಸ್ಲೈಡರ್ ಅದನ್ನ ಮೂತಿಯಿಂದ ತಳ್ಕೊಂಡು ಟ್ಯಾಂಕಿನ ಮೂಲೆಗೆ ತಗೊಂಡು ಹೋಗತ್ತೆ, ಗಾಜಿಗೆ ಒತ್ತಿ ಹಿಡಿದು ಆಮೇಲೆ ಕಚ್ಚತ್ತೆ, ಯಾಕಂದ್ರೆ ತೇಲೋ ವಸ್ತು ಕಚ್ಚೋಕೆ ಹೋದ್ರೆ ಜಾರಿ ಹೋಗತ್ತಲ್ಲ. ಕಟಕ್ ಅನ್ನೋ ಶಬ್ದ ಪಕ್ಕದ ರೂಮಿಗೂ ಕೇಳತ್ತೆ. ತುಂಡಿನ ಅಂಚಲ್ಲಿ ಸಣ್ಣ ಸಣ್ಣ ಕಮಾನಿನ ಆಕಾರದ ಗುರುತು ಉಳಿದಿರತ್ತೆ, ಆ ಗುರುತಿನ ಎರಡೂ ಬದಿ ಸಮ ಇದೆಯಾ ಅಂತ ನೋಡಿದ್ರೆ ಕೊಕ್ಕು ಸರಿಯಾಗಿ ಕೂಡ್ತಾ ಇದೆಯಾ ಅನ್ನೋದೂ ಸ್ವಲ್ಪ ಅಂದಾಜಾಗತ್ತೆ. ನೆಲದ ಆಮೆ ಮಾತ್ರ ಅದನ್ನ ವಾರಗಟ್ಟಲೆ ಮೂಸಿ ಕೂಡ ನೋಡಲ್ಲ, ಇದ್ದಕ್ಕಿದ್ದಂಗೆ ಒಂದಿನ ಬಂದು ಅರ್ಧ ತಿಂದು ಹೋಗತ್ತೆ. ಮುಟ್ಟೋದೇ ಇಲ್ಲ ಅನ್ನೋ ಆಮೆಗಳೂ ಇವೆ, ಅದಕ್ಕೆ ಬೇಜಾರು ಬೇಡ, ಚಾಕುವಿನಲ್ಲಿ ಕೆರೆದು ಸೊಪ್ಪಿನ ಮೇಲೆ ಉದುರಿಸಿ. ಮೊಟ್ಟೆ ಚಿಪ್ಪು ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿದ್ರೂ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್. ಮೊಟ್ಟೆ ಇಡೋ ವಯಸ್ಸಿನ ಹೆಣ್ಣಾಮೆಗೆ ಇನ್ನೂ ಜಾಸ್ತಿ ಬೇಕು, ಕ್ಯಾಲ್ಸಿಯಂ ಕಮ್ಮಿ ಆದ್ರೆ ಮೊಟ್ಟೆ ಹೊರಗೆ ಬರದೆ ಸಿಕ್ಕಾಕೊಳ್ಳೋ ಅಪಾಯ ಇದೆ. ಗಂಡು ಜೊತೇಲಿ ಇಲ್ದಿದ್ರೂ ಹೆಣ್ಣು ಮೊಟ್ಟೆ ಇಡಬಹುದು ಅನ್ನೋದು ನೆನಪಿರ್ಲಿ.

ಇದು ನಾವು ಮನುಷ್ಯರು ಕಂಡುಹಿಡಿದಿರೋ ಚಟ ಏನಲ್ಲ. ಕಾಡಲ್ಲಿರೋ ನೆಲದಾಮೆಗಳು ಹಳೇ ಮೂಳೆ, ಖಾಲಿ ಬಸವನಹುಳದ ಚಿಪ್ಪು ಇವನ್ನೆಲ್ಲ ಕಡಿಯತ್ವೆ. ಆಫ್ರಿಕಾದ ಲೆಪರ್ಡ್ ಆಮೆಯಂತೂ ಕತ್ತೆಕಿರುಬದ ಒಣಗಿದ ಹಿಕ್ಕೆನೂ ತಿನ್ನತ್ತೆ, ಯಾಕಂದ್ರೆ ಅದ್ರಲ್ಲಿ ಅರಗಿದ ಮೂಳೆ ತುಂಬಿರತ್ತೆ. ಸದ್ಯ, ನಾವು ಸಾಕಿರೋವು ಅಷ್ಟು ದೂರ ಹೋಗಲ್ಲ.

ಈಗ ಲೈಟಿಗೆ ಬರೋಣ, ನಿಜವಾಗ್ಲೂ ಎಡವಟ್ಟಾಗೋದು ಇಲ್ಲೇ. ಹೊಟ್ಟೆಗೆ ಹೋದ ಕ್ಯಾಲ್ಸಿಯಂ ರಕ್ತಕ್ಕೆ ಸೇರೋಕೆ ವಿಟಮಿನ್ ಡಿ3 ಬೇಕು, ಆ ಡಿ3ನ ಆಮೆ ತನ್ನ ಚರ್ಮದಲ್ಲೇ ತಯಾರು ಮಾಡ್ಕೊಳ್ಳತ್ತೆ, ಅದಕ್ಕೆ ಬೇಕಾಗಿರೋದು ಯುವಿಬಿ, ಅಂದ್ರೆ ಬಿಸಿಲಲ್ಲಿರೋ ಸುಮಾರು 290ರಿಂದ 315 ನ್ಯಾನೋಮೀಟರ್ ನಡುವಿನ ಕಿರಣ, ಜೊತೆಗೆ ಮೈ ಬೆಚ್ಚಗಿರ್ಬೇಕು, ತಣ್ಣಗಿದ್ರೆ ಚರ್ಮದಲ್ಲಿ ಆ ಕೆಲಸ ಪೂರ್ತಿ ಆಗಲ್ಲ. ಕಿಟಕಿ ಪಕ್ಕ ಇಟ್ಟಿದೀವಿ, ಚೆನ್ನಾಗಿ ಬಿಸಿಲು ಬೀಳತ್ತೆ ಅನ್ನೋರು ದಯವಿಟ್ಟು ಇದನ್ನ ಎರಡು ಸಲ ಓದಿ: ಮಾಮೂಲಿ ಗಾಜು ಯುವಿಬಿನ ಹೆಚ್ಚುಕಮ್ಮಿ ಪೂರ್ತಿ ತಡೆದುಬಿಡತ್ತೆ. ಬೆಳಕು ಬರತ್ತೆ, ಶಾಖ ಬರತ್ತೆ, ಬೇಕಾಗಿರೋದು ಮಾತ್ರ ಬರಲ್ಲ. ಸಾಲದ್ದಕ್ಕೆ ಗಾಜಿನ ಟ್ಯಾಂಕ್ ನೇರ ಬಿಸಿಲಿಗೆ ಬೇಗ ಕಾದು ಆಮೆ ಸತ್ತೇ ಹೋಗ್ಬೋದು. ಹೊರಗೆ ಬಿಡೋ ಅವಕಾಶ ಇದ್ರೆ ನೆರಳಿಗೆ ಓಡೋಕೆ ಜಾಗ ಇಟ್ಟು ಬಿಡಿ, ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಇಲ್ದಿದ್ರೆ ಯುವಿಬಿ ಟ್ಯೂಬ್ ಹಾಕಿ, ಪ್ಯಾಕೆಟ್ ಮೇಲೆ ಬರೆದಿರೋ ಅಂತರದಲ್ಲಿ, ಆಮೆ ಒಣಗಿ ಕೂತ್ಕೊಳ್ಳೋ ಜಾಗದ ಮೇಲೇ ಬರೋ ಹಾಗೆ. ಮಧ್ಯದಲ್ಲಿ ಗಾಜೋ ಪ್ಲಾಸ್ಟಿಕ್ಕೋ ಇರಬಾರ್ದು, ಸಣ್ಣ ಜಾಲರಿ ಇದ್ರೂ ಒಂದಷ್ಟು ಕಮ್ಮಿ ಆಗತ್ತೆ. ಮತ್ತೆ ಟ್ಯೂಬ್ ಉರೀತಾ ಇದೆ ಅಂದ್ರೆ ಯುವಿಬಿ ಬರ್ತಾ ಇದೆ ಅಂತಲ್ಲ, ಬೆಳಕು ಹಾಗೇ ಇದ್ದು ಯುವಿಬಿ ಇಳಿದುಹೋಗಿರತ್ತೆ, ಕಂಪನಿಗಳು ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ ಬದಲಾಯಿಸಿ ಅಂತಾವೆ, ಹಾಕಿದ ತಾರೀಖನ್ನ ಟ್ಯೂಬಿನ ತುದಿಯಲ್ಲೇ ಮಾರ್ಕರಲ್ಲಿ ಬರೆದಿಡಿ.

ಅಂಗಡೀಲಿ ಸಿಗೋ ಕ್ಯಾಲ್ಸಿಯಂ ಪುಡಿ ಕೊಡೋದ್ರಲ್ಲೂ ಒಂದು ಗೊಂದಲ ಇದೆ, ಡಿ3 ಇರೋದಾ ಇಲ್ದೇ ಇರೋದಾ ಅಂತ. ನನ್ನ ಅಭಿಪ್ರಾಯ ಏನಂದ್ರೆ ಬಿಸಿಲೋ ಒಳ್ಳೇ ಯುವಿಬಿ ಲೈಟೋ ಸಿಗೋ ಆಮೆಗೆ ಬರೀ ಕ್ಯಾಲ್ಸಿಯಂ ಪುಡಿ ಸಾಕು, ಫಾಸ್ಫರಸ್ ಸೇರಿಸದೆ ಇರೋದು. ಚರ್ಮದಲ್ಲಿ ಆಗೋ ಡಿ3 ಜಾಸ್ತಿ ಆಗದ ಹಾಗೆ ಮೈಯೇ ನೋಡ್ಕೊಳ್ಳತ್ತೆ, ಬಾಯಿಂದ ಹಾಕಿದ್ದಕ್ಕೆ ಆ ಬ್ರೇಕ್ ಇಲ್ಲ, ಮಿತಿ ಮೀರಿದ್ರೆ ಕ್ಯಾಲ್ಸಿಯಂ ಹೋಗಿ ಕಿಡ್ನಿಯಲ್ಲೂ ರಕ್ತನಾಳದಲ್ಲೂ ಕೂರತ್ತೆ. ನೀರಾಮೆಗೆ ಪುಡಿ ಉದುರಿಸೋದು ಸುಮ್ನೆ, ಎಲ್ಲಾ ನೀರಿಗೆ ಹೋಗತ್ತೆ, ಅದಕ್ಕೆ ಆಮೆಗಂತಲೇ ಬರೋ ಒಳ್ಳೇ ಪೆಲೆಟ್ಟು (ಗುಳಿಗೆ ಥರದ ಊಟ), ಮೂಳೆ ಸಮೇತ ಸಣ್ಣ ಮೀನು, ಇವೇ ಸರಿ. ಟ್ಯಾಂಕಲ್ಲಿ ಕರಗೋ ಬಿಳಿ ಬ್ಲಾಕ್‌ಗಳು ಬರ್ತಾವಲ್ಲ, ಅವು ಬಹಳಷ್ಟು ಪ್ಲಾಸ್ಟರ್, ನೀರು ಗಡುಸಾಗತ್ತೆ ಅಷ್ಟೇ, ಆಮೆ ಕಚ್ಚಿ ತಿನ್ನದೇ ಇದ್ರೆ ಹೊಟ್ಟೆಗೇನೂ ಸೇರಲ್ಲ. ನಾನು ತರೋದೇ ಇಲ್ಲ.

ಊಟದಲ್ಲಿ ನೋಡ್ಬೇಕಾಗಿರೋದು ಕ್ಯಾಲ್ಸಿಯಂ ಎಷ್ಟಿದೆ ಅನ್ನೋದೊಂದೇ ಅಲ್ಲ, ಫಾಸ್ಫರಸ್‌ಗಿಂತ ಎಷ್ಟು ಜಾಸ್ತಿ ಇದೆ ಅನ್ನೋದು. ಒಟ್ಟು ಊಟದಲ್ಲಿ 2 ಪಾಲು ಕ್ಯಾಲ್ಸಿಯಂಗೆ 1 ಪಾಲು ಫಾಸ್ಫರಸ್ ಅನ್ನೋ ಲೆಕ್ಕ ಆದ್ರೂ ಇರ್ಬೇಕು. ಮೂಳೆ ಇಲ್ಲದ ಮಾಂಸ, ಮೀಲ್‌ವರ್ಮ್ ಅನ್ನೋ ಹುಳ, ಇವೆಲ್ಲ ಉಲ್ಟಾ, ಫಾಸ್ಫರಸ್ಸೇ ಜಾಸ್ತಿ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ರೂ ಅದ್ರಲ್ಲೇ ಇರೋ ಆಕ್ಸಲೇಟ್ ಅನ್ನೋ ವಸ್ತು ಅದನ್ನ ಹಿಡಿದಿಟ್ಕೊಳ್ಳತ್ತೆ, ಅಪರೂಪಕ್ಕೆ ಕೊಟ್ರೆ ಪರವಾಗಿಲ್ಲ, ದಿನಾ ಬೇಡ. ನೆಲದಾಮೆಗೆ ದಾಸವಾಳದ ಎಲೆ, ಹಿಪ್ಪುನೇರಳೆ ಎಲೆ, ಸಾಸಿವೆ ಸೊಪ್ಪು, ಮುಳ್ಳು ತೆಗೆದ ಪಾಪಸ್ ಕಳ್ಳಿ ಇವೆಲ್ಲ ಬಹಳ ಒಳ್ಳೇದು.

ಇಷ್ಟೆಲ್ಲ ಹೇಳಿ ಕೊಕ್ಕಿಗೆ ಬರ್ತೀನಿ, ಯಾಕಂದ್ರೆ ಕೊಕ್ಕಿನ ಸಮಸ್ಯೆ ಅಂತ ಬರೋದ್ರಲ್ಲಿ ಸುಮಾರು ಪಾಲು ಮೇಲೆ ಹೇಳಿದ್ದರದ್ದೇ ಮುಂದುವರಿಕೆ. ಆಮೆಗೆ ಹಲ್ಲಿಲ್ಲ, ದವಡೆ ಮೂಳೆ ಮೇಲೆ ನಮ್ಮ ಉಗುರಿನ ಥರ ಕೆರಾಟಿನ್ ಹೊದಿಕೆ, ಅದು ಸಾಯೋವರೆಗೂ ಬೆಳೀತಾನೇ ಇರತ್ತೆ. ಕ್ಯಾಲ್ಸಿಯಂ ಕಮ್ಮಿಯಾಗಿ ದವಡೆ ಮೂಳೆ ಮೆತ್ತಗಾದ್ರೆ ಮೇಲಿನದೂ ಕೆಳಗಿನದೂ ಸರಿಯಾಗಿ ಕೂಡಲ್ಲ, ಕೂಡದಿದ್ರೆ ಒಂದಕ್ಕೊಂದು ಉಜ್ಜಿ ಸವೆಯಲ್ಲ, ಆಗ ಮೇಲಿನ ಕೊಕ್ಕು ಗಿಳಿ ಮೂತಿ ಥರ ಕೆಳಗೆ ಇಳಿಯತ್ತೆ. ವಿಟಮಿನ್ ಎ ಕೊರತೆಯಲ್ಲೂ ಕೊಕ್ಕು ವಿಪರೀತ ಬೆಳೆಯಬಹುದು, ಅದ್ರ ಜೊತೆ ಸಾಮಾನ್ಯವಾಗಿ ಕಣ್ಣಿನ ರೆಪ್ಪೆನೂ ಊದ್ಕೊಂಡಿರತ್ತೆ. ಹಾಗಂತ ಮೆಡಿಕಲ್‌ನಿಂದ ವಿಟಮಿನ್ ಎ ಡ್ರಾಪ್ಸ್ ತಂದು ಬಾಯಿಗೆ ಹಾಕ್ಬೇಡಿ, ಜಾಸ್ತಿ ಆದ್ರೆ ಚರ್ಮ ಸುಲಿದು ಬರತ್ತೆ.

ಇನ್ನೊಂದು ಕಾರಣ ನಮ್ಮ ಅತಿ ಪ್ರೀತಿ. ಸೊಪ್ಪನ್ನ ಸಣ್ಣಗೆ ಹೆಚ್ಚಿ ನುಣ್ಣನೆ ತಟ್ಟೇಲಿ ಇಟ್ರೆ ಆಮೆಗೆ ಹರಿದು ತಿನ್ನೋ ಕೆಲಸವೇ ಇರಲ್ಲ. ನಾನು ಒಂದು ಒರಟು ಚಪ್ಪಡಿ ಕಲ್ಲಿನ ಮೇಲೆ ಎಲೆನ ದಂಟು ಸಮೇತ ಇಡ್ತೀನಿ, ಅದು ಒಂದು ಕಾಲಲ್ಲಿ ಎಲೆ ತುಳಿದು ಹಿಡ್ಕೊಂಡು ಕುತ್ತಿಗೆ ಹಿಂದಕ್ಕೆಳೆದು ಹರಿಯತ್ತೆ, ಪ್ರತಿ ಕಚ್ಚಿಗೂ ಕೊಕ್ಕಿನ ತುದಿ ಕಲ್ಲಿಗೆ ಕರ್ ಅಂತ ತಾಗತ್ತೆ. ಊಟ ಆದ್ಮೇಲೆ ಕಲ್ಲಿನ ಮೇಲೆ ಹಸಿರು ಗೀರು. ದಿನಾ ತೊಳೀಬೇಕು, ಆದ್ರೆ ಕೊಕ್ಕಿನ ಅರ್ಧ ಕೆಲಸ ಅಲ್ಲೇ ಆಗೋಗತ್ತೆ.

ಕೊಕ್ಕು ಸರಿ ಇದೆಯಾ ಅಂತ ನೋಡೋಕೆ ಬಾಯಿ ಮುಚ್ಚಿರುವಾಗ ಪಕ್ಕದಿಂದ ಒಂದು ಫೋಟೋ ತಗೊಳ್ಳಿ, ಕೆಲವು ತಿಂಗಳಿಗೊಮ್ಮೆ ತೆಗೆದು ಹೋಲಿಸಿ. ಕೆಳಗಿನ ಕೊಕ್ಕು ಮೇಲಿನದ್ರ ಒಳಗೆ ಕೂತಿರ್ಬೇಕು. ಸ್ವಲ್ಪ ಕೊಂಡಿ ಇದ್ದ ಮಾತ್ರಕ್ಕೆ ಗಾಬರಿ ಬೇಡ, ಬಾಕ್ಸ್ ಆಮೆಗೆ ಅದು ಸಹಜ, ನಿಮ್ಮ ಆಮೆ ಜಾತಿ ಯಾವುದು ಅಂತ ಗೊತ್ತಿರ್ಬೇಕು ಅಷ್ಟೇ. (ಇದೇ ಥರ ಗಂಡು ಸ್ಲೈಡರ್‌ನ ಮುಂಗಾಲಿನ ಉದ್ದ ಉಗುರು ನೋಡಿ ಕಟ್ ಮಾಡೋಕೆ ಹೋಗ್ತಾರೆ, ಅಯ್ಯೋ, ಅದು ಹೆಣ್ಣನ್ನ ಒಲಿಸ್ಕೊಳ್ಳೋಕೆ ಇರೋದು, ಬಿಟ್ಬಿಡಿ.) ತಿನ್ನೋಕೆ ಹೋಗಿ ಪದೇ ಪದೇ ಗುರಿ ತಪ್ತಾ ಇದ್ರೆ, ಒಂದೇ ಬದಿಯಲ್ಲಿ ಕಚ್ತಾ ಇದ್ರೆ, ಬಾಯಿಂದ ಬೀಳಿಸ್ತಾ ಇದ್ರೆ, ತೂಕ ಇಳೀತಾ ಇದ್ರೆ ಆಗ ಸರೀಸೃಪ ನೋಡೋ ವೆಟ್ (ಪ್ರಾಣಿ ಡಾಕ್ಟರ್) ಹತ್ರ ಹೋಗಿ.

ನೇಲ್ ಕಟರ್ ತಗೊಂಡು ಮನೇಲೇ ಶುರು ಮಾಡೋದು ಮಾತ್ರ ಬೇಡ. ಕೆರಾಟಿನ್ ಉದ್ದಕ್ಕೆ ಸೀಳಿ ಹೋಗತ್ತೆ, ಅದ್ರ ಒಳಗೆ ರಕ್ತ ಇರೋ, ನೋವಾಗೋ ಭಾಗ ಇದೆ. ವೆಟ್‌ಗಳು ಸಣ್ಣ ರೋಟರಿ ಟೂಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ ಶೇಪ್ ಕೊಡ್ತಾರೆ, ತಲೆ ಒಳಗೆ ಎಳ್ಕೊಳ್ಳೋ ಆಮೆ ಆದ್ರೆ ಮತ್ತು ಬರೋ ಔಷಧಿನೂ ಕೊಡಬೇಕಾಗ್ಬೋದು. ತುಂಬಾ ಬೆಳೆದಿದ್ರೆ ಒಂದೇ ಸಲಕ್ಕೆ ಪೂರ್ತಿ ತೆಗೆಯಲ್ಲ, ಮತ್ತೆ ಬನ್ನಿ ಅಂತಾರೆ. ಹೋಗುವಾಗ ಯುವಿಬಿ ಟ್ಯೂಬಿನ ಫೋಟೋ, ಅದು ಎಷ್ಟು ಹಳೇದು, ಆಮೆಗೂ ಅದಕ್ಕೂ ಎಷ್ಟು ದೂರ, ವಾರದಲ್ಲಿ ಏನೇನು ತಿನ್ನತ್ತೆ ಇಷ್ಟನ್ನ ಬರ್ಕೊಂಡು ಹೋಗಿ, ಮತ್ತೆ ಮೂಳೆ ಹೇಗಿದೆ ಅಂತ ಎಕ್ಸ್‌ರೇ ಬೇಕಾ ಅಂತ ನೀವೇ ಕೇಳಿ, ಕೊಕ್ಕು ಉಜ್ಜಿಸ್ಕೊಂಡು ಬಂದು ಅದೇ ಹಳೇ ಟ್ಯೂಬ್ ಕೆಳಗೆ ಅದೇ ಮೆತ್ತನೆ ಊಟ ಇಟ್ರೆ ಮತ್ತೆ ಅದೇ ಟೇಬಲ್ ಮೇಲೆ ಆಮೆ ಮಲಗಿಸ್ಬೇಕಾಗತ್ತೆ.