ಗೊತ್ತಿದ್ದದ್ದೇ ಅನ್ನಿಸುವ ಮೊದಲು

ಮನುಷ್ಯರ ನಡವಳಿಕೆ ಬಗ್ಗೆ ಯಾವ ಅಧ್ಯಯನ ಬಂದರೂ ‘ಇದು ಗೊತ್ತಿದ್ದದ್ದೇ’ ಅನ್ನುವವರಿಗೆ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ 1949ರಲ್ಲೇ ಉತ್ತರ ಕೊಟ್ಟಿದ್ದಾರೆ. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ ಮೇಲೆ ನಡೆದ ಸಮೀಕ್ಷೆಯದ್ದೆಂದು ಆರು ಸಂಗತಿಗಳನ್ನು ಅವರು ಓದುಗರ ಮುಂದಿಟ್ಟರು. ಹೆಚ್ಚು ಓದಿದವರು ಮಾನಸಿಕವಾಗಿ ಹೆಚ್ಚು ಬಳಲಿದರು, ಹಳ್ಳಿಯಿಂದ ಬಂದವರು ಪಟ್ಟಣದವರಿಗಿಂತ ಹುರುಪಾಗಿದ್ದರು, ಹೀಗೆ. ಎಲ್ಲವೂ ಸರಿಯೆಂದೇ ತೋರುತ್ತವೆ. ಆಮೇಲೆ ನಿಜ ಬಿಚ್ಚಿಟ್ಟರು: ಆರಕ್ಕೆ ಆರೂ ಉಲ್ಟಾ! ಆ ಉಲ್ಟಾ ಫಲಿತಾಂಶವನ್ನೇ ಮೊದಲು ಹೇಳಿದ್ದರೂ ನಮ್ಮ ಬಳಿ ಕಾರಣ ರೆಡಿ ಇರುತ್ತಿತ್ತು. ಕಾದು ಗೆದ್ದವನನ್ನು ಕಂಡರೆ ‘ತಾಳಿದವನು ಬಾಳಿಯಾನು’, ಕಾದು ಸೋತವನನ್ನು ಕಂಡರೆ ‘ನಾಳೆ ಎಂದವನ ಮನೆ ಹಾಳು’. ಏನೇ ಆದರೂ ಹೊಂದಿಕೊಳ್ಳುವ ವಿವರಣೆಯಿಂದ ಮುಂದೇನಾಗುತ್ತದೆ ಅಂತ ಹೇಳಲಾಗದು.

ಇನ್ನೊಂದು ತಪ್ಪು ಲೆಕ್ಕದ್ದು. 1963ರಲ್ಲಿ ಸ್ಮೆಡ್ಸ್‌ಲುಂಡ್ ಎಂಬ ಮನಶ್ಶಾಸ್ತ್ರಜ್ಞ ನರ್ಸ್‌ಗಳಿಗೆ 100 ರೋಗಿಗಳ ಕಾರ್ಡ್ ಕೊಟ್ಟು, ಈ ಲಕ್ಷಣಕ್ಕೂ ಈ ಕಾಯಿಲೆಗೂ ಸಂಬಂಧ ಇದೆಯೇ ಎಂದು ಕೇಳಿದರು. ಎರಡೂ ಇದ್ದವರು 37. ಲಕ್ಷಣವಿದ್ದೂ ಕಾಯಿಲೆ ಇಲ್ಲದವರು 33. ಲಕ್ಷಣವಿಲ್ಲದೆಯೂ ಕಾಯಿಲೆ ಇದ್ದವರು 17. ಎರಡೂ ಇಲ್ಲದವರು 13. ಬಹುತೇಕರು ‘ಸಂಬಂಧ ಇದೆ’ ಅಂದರು, ಏಕೆಂದರೆ 37 ಕಣ್ಣಿಗೆ ಹೊಡೆಯುತ್ತದೆ. ಭಾಗಿಸಿ ನೋಡಿ: ಲಕ್ಷಣವಿರುವ 70 ಜನರಲ್ಲಿ 37, ಅಂದರೆ ಶೇ 53. ಲಕ್ಷಣವಿಲ್ಲದ 30ರಲ್ಲಿ 17, ಶೇ 57. ಸಂಬಂಧವೇ ಇಲ್ಲ ಅನ್ನಬಹುದು. ‘ಒಂಟಿ ಮಕ್ಕಳು ಹಟಮಾರಿಗಳು’ ಅನ್ನುವಾಗಲೂ ನಾವು ನೋಡಿರುವುದು ಹಟ ಮಾಡುವ ಒಂಟಿ ಮಗುವನ್ನು ಮಾತ್ರ. ಹಟ ಮಾಡದ ಒಂಟಿ ಮಗು, ಅಣ್ಣ-ತಂಗಿಯರಿದ್ದೂ ಹಟ ಮಾಡುವ ಮಗು ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕೂ ಬಗೆಯವರ ಎಣಿಕೆ ಸಿಗುವವರೆಗೆ ಅಭಿಪ್ರಾಯ ಕಟ್ಟಬೇಡಿ.

‘ದಂಡಂ ದಶಗುಣಂ’ ನಂಬಿಕೆಯ ಹಿಂದೆಯೂ ಇಂಥದ್ದೇ ಒಂದು ಮೋಸವಿದೆ. ಯಾರ ಕೆಲಸವೂ ದಿನಾ ಒಂದೇ ಥರ ಇರುವುದಿಲ್ಲ. ತೀರಾ ಕೆಟ್ಟ ದಿನದ ಮರುದಿನ ಸಾಮಾನ್ಯವಾಗಿ ತಾನಾಗಿಯೇ ಸ್ವಲ್ಪ ಸುಧಾರಿಸುತ್ತದೆ, ತೀರಾ ಒಳ್ಳೆಯ ದಿನದ ಮರುದಿನ ಸ್ವಲ್ಪ ಇಳಿಯುತ್ತದೆ. ನಾವು ಬೈಯುವುದು ಮೊದಲನೆಯದಾದ ಮೇಲೆ, ಹೊಗಳುವುದು ಎರಡನೆಯದಾದ ಮೇಲೆ. ಹಾಗಾಗಿ ಬೈಗುಳ ಫಲ ಕೊಟ್ಟಿತು, ಹೊಗಳಿಕೆ ಕೆಡಿಸಿತು ಅನ್ನಿಸುತ್ತದೆ. ಎಷ್ಟೋ ಮಕ್ಕಳು ಈ ತಪ್ಪು ಲೆಕ್ಕಕ್ಕೆ ಬೈಸಿಕೊಂಡು ಬೆಳೆಯುತ್ತಾರೆ ಅನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ದುಡ್ಡಿನ ದಂಡವೂ ನಾವು ಅಂದುಕೊಂಡಂತೆ ಕೆಲಸ ಮಾಡಬೇಕೆಂದಿಲ್ಲ. ಇಸ್ರೇಲಿನ ಹೈಫಾದ 10 ಶಿಶುಪಾಲನಾ ಕೇಂದ್ರಗಳ ಪೈಕಿ 6ರಲ್ಲಿ, ಮಗುವನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿ ನೋಡಿದರು. ತಡವಾಗಿ ಬರುವವರು ಹೆಚ್ಚಾದರು. ಮುಜುಗರ ಹೋಗಿ ಅದು ದುಡ್ಡು ಕೊಟ್ಟು ಪಡೆಯುವ ಸೇವೆಯಂತಾಯಿತು ಎಂಬುದು ಸಂಶೋಧಕರ ವಿವರಣೆ. ದಂಡ ತೆಗೆದ ಮೇಲೂ ತಡವಾಗಿ ಬರುವವರ ಸಂಖ್ಯೆ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ. ದಂಡವಿಲ್ಲದ ಉಳಿದ 4 ಕೇಂದ್ರಗಳು ಹೋಲಿಕೆಗೆ ಇದ್ದದ್ದರಿಂದಲೇ ಇದು ಖಚಿತವಾಯಿತು.

ನೀವು ಹೊಸ ನಿಯಮ ತರುವುದಾದರೆ ಏನಾಗಬಹುದು, ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ಸುಳ್ಳು ಅಂತ ಒಪ್ಪುತ್ತೀರಿ, ಎರಡನ್ನೂ ತಾರೀಖು ಹಾಕಿ ಮೊದಲೇ ಬರೆದಿಡಿ. ಬರೆಯದಿದ್ದರೆ ನಮ್ಮ ನೆನಪು, ಆಮೇಲೆ ಬಂದ ಫಲಿತಾಂಶದ ಕಡೆಗೇ ವಾಲುತ್ತದೆ. ಆಮೇಲೆ ಚೀಟಿ ಎತ್ತಿ ಅರ್ಧ ಗುಂಪಿಗೆ ಮಾತ್ರ ನಿಯಮ ಹಾಕಿ. ಯಾರು ಯಾವ ಗುಂಪಿಗೆ ಅಂತ ನೀವೇ ಆರಿಸಿದರೆ, ಸುಧಾರಿಸುವಂತೆ ಕಾಣುವವರನ್ನೇ ಗೊತ್ತಿಲ್ಲದೆ ಆರಿಸಿರುತ್ತೀರಿ.